ಮೈಗೆಂದು ಕಲಸಿದ ಹಿಟ್ಟು

ಪರಶಪ್ಪನಿಗೆ ಈ ಜನ್ಮದಲ್ಲಿ ಬೇಕಾಗಿದ್ದದ್ದು ಒಂದೇ. ಕೂತುಕೊಳ್ಳುವುದು.

ಇಪ್ಪತ್ತೊಂದು ವರ್ಷ ನಾಲ್ಕು ತಿಂಗಳಿಂದ ಅವನು ಸಾರಿಗೆ ಬಸ್ಸಿನ ಕಂಡಕ್ಟರಾಗಿ ನಿಂತೇ ಇದ್ದ. ನರಗುಂದದಿಂದ ಯಾವಗಲ್ ಮಾರ್ಗವಾಗಿ ರೋಣ, ರೋಣದಿಂದ ಗಜೇಂದ್ರಗಡ, ಮತ್ತೆ ಅದೇ ದಾರಿಯಲ್ಲಿ ಹಿಂದಕ್ಕೆ. ನಿಯಮದ ಪ್ರಕಾರ ಕಂಡಕ್ಟರನಿಗೂ ಬಸ್ಸಿನಲ್ಲಿ ಒಂದು ಆಸನವಿದೆ. ಆದರೆ ಅದರ ಮೇಲೆ ಯಾವಾಗಲೂ ಯಾರಾದರೂ ಇರುತ್ತಿದ್ದರು. ಒಮ್ಮೆ ಬಸುರಿ ಹೆಂಗಸು, ಒಮ್ಮೆ ಮುದುಕ, ಸಂತೆಯ ದಿನ ಯಾರದೋ ಆಡು. ಮನುಷ್ಯರನ್ನು ಎಬ್ಬಿಸಲು ಅವನಿಗೆ ಮನಸ್ಸು ಬರುತ್ತಿರಲಿಲ್ಲ. ಆಡನ್ನು ಎಬ್ಬಿಸಲು ಧೈರ್ಯ ಬರುತ್ತಿರಲಿಲ್ಲ.

ನಿಂತದ್ದು ಸಾಲದೆಂಬಂತೆ ಧೂಳು. ನರಗುಂದದ ಕಡೆ ಕರಿ ಎರೆಮಣ್ಣಿನ ಧೂಳು, ಗಜೇಂದ್ರಗಡದ ಗುಡ್ಡದ ಕಡೆ ಕೆಂಪು ಧೂಳು. ಎರಡೂ ಸೇರಿ ಅವನ ಕುತ್ತಿಗೆಯ ಮೇಲೆ ಪದರು ಪದರಾಗಿ ಕೂತಿದ್ದವು. ಆ ಕುತ್ತಿಗೆಯನ್ನು ನೋಡಿ ಬಸ್ಸು ಯಾವ ದಿಕ್ಕಿನಿಂದ ಬಂತೆಂದು ಹೇಳುವವರು ರೋಣದ ನಿಲ್ದಾಣದಲ್ಲಿ ಇಬ್ಬರಾದರೂ ಇದ್ದರು.

ಇಸವಿ 2002ರ ಜುಲೈ ಕೊನೆಯ ವಾರದಲ್ಲಿ ಡಿಪೋದ ಹಲಗೆಯ ಮೇಲೆ ಒಂದು ನೋಟೀಸು ಬಿತ್ತು. ರೋಣ–ಗಜೇಂದ್ರಗಡ ರಸ್ತೆಯ ಒಂದು ಕ್ರಾಸಿನಲ್ಲಿ ಕೂತು ಬಸ್ಸುಗಳ ವೇಳೆ ನೋಡಿಕೊಳ್ಳುತ್ತಿದ್ದ ಕಂಟ್ರೋಲರ್ ನಿವೃತ್ತರಾಗುತ್ತಿದ್ದರು. ಜಾಗ ಒಂದು, ಅರ್ಜಿ ನಾಲ್ಕು. ಆಗಸ್ಟ್ 14, ಬುಧವಾರ, ಬೆಳಿಗ್ಗೆ ಹನ್ನೊಂದಕ್ಕೆ ಸಂದರ್ಶನ. ಆ ಕ್ರಾಸಿನ ಕೊಠಡಿಯಲ್ಲಿ ಒಂದು ಮೇಜು, ಒಂದು ಫೋನು, ಒಂದು ಮೈಕು ಮತ್ತು ಎರಡು ಕೈಗಳಿರುವ ಒಂದು ಮರದ ಕುರ್ಚಿ ಇದ್ದವು. ಉಳಿದ ಮೂವರು ಅರ್ಜಿದಾರರು ಬಡ್ತಿಗೆ ಅರ್ಜಿ ಹಾಕಿದ್ದರು. ಪರಶಪ್ಪ ಕುರ್ಚಿಗೆ ಅರ್ಜಿ ಹಾಕಿದ್ದ.

ಡಿಪೋದ ಸಾಹೇಬರು ಅರ್ಜುನಪ್ಪ. ಕಟ್ಟುನಿಟ್ಟಿನ ಮನುಷ್ಯ, ಯಾರ ಚಹಾ ಕುಡಿದರೂ ದುಡ್ಡು ತಾವೇ ಕೊಡುವವರು. ಅರ್ಜಿ ತೆಗೆದುಕೊಳ್ಳುತ್ತ ಅವರು ಪರಶಪ್ಪನನ್ನು ಮೇಲಿಂದ ಕೆಳಗೆ ನೋಡಿದರು.

"ಕಂಟ್ರೋಲರ್ ಅಂದ್ರ ಸಂಸ್ಥಾದ ಮಾರಿ ಇದ್ದಂಗ, ಪರಶಪ್ಪ. ಮಂದಿ ಮೊದಲ ನೋಡೂದ ಅದನ್ನ. ನಿಂದು ಮೈಬಣ್ಣ ಯಾವುದು ಅಂತ ಯಾರರ ಕೇಳಿದ್ರ ನಾ ಏನಂತ ಹೇಳಲಿ?"

"ಜಳಕ ಮಾಡ್ತೀನ್ರಿ ಸಾಹೇಬ್ರ."

"ಮಾಡ್ತೀಯಲ್ಲ, ಗೊತ್ತೈತಿ. ಹೋಗೂದಿಲ್ಲಲ್ಲ!"

ಈ ಮಾತು ಕೇಳಿದ ನಾಲ್ಕನೆಯ ದಿನ ಪರಶಪ್ಪ ನರಗುಂದದ ನಿಲ್ದಾಣದಲ್ಲಿ ನಿಂತುಕೊಂಡು ಮಿರ್ಚಿ ಭಜಿ ತಿನ್ನುತ್ತಿದ್ದ. ಭಜಿ ಮುಗಿದ ಮೇಲೆ ಕೈಯಲ್ಲಿ ಪತ್ರಿಕೆಯ ತುಂಡು ಉಳಿಯಿತು. ತಲೆಬರಹ ಹೀಗಿತ್ತು: 'ಮನೆಯಲ್ಲೇ ಮಾಡಿ ನೈಸರ್ಗಿಕ ಸ್ಕ್ರಬ್. ಸತ್ತ ಚರ್ಮ ತೆಗೆಯಿರಿ, ಹೊಸ ಕಾಂತಿ ಪಡೆಯಿರಿ.' ತನ್ನ ಚರ್ಮ ಸತ್ತಿದೆ ಎಂಬ ಅನುಮಾನ ಅವನಿಗೆ ಬಹಳ ದಿನದಿಂದ ಇತ್ತು. ಅಚ್ಚಾದದ್ದನ್ನು ಓದಿದ ಮೇಲೆ ಖಾತ್ರಿಯಾಯಿತು.

ಬೇಕಾಗುವ ಸಾಮಗ್ರಿ: ಕಡಲೆಬೇಳೆ ಎರಡು, ಹೆಸರುಬೇಳೆ ಒಂದು, ಒಣಗಿಸಿದ ಕಿತ್ತಳೆ ಸಿಪ್ಪೆ ಒಂದು, ಅಕ್ರೋಟಿನ ಚಿಪ್ಪು ಒಂದು, ಜೇನು ಇಲ್ಲವೇ ಬೆಲ್ಲ ಎರಡು. ಕಲಸಲು ಎಣ್ಣೆ. ಸುವಾಸನೆಗೆ ಏಲಕ್ಕಿ. ಎಲ್ಲವನ್ನೂ ರವೆಯಂತೆ ತರಿತರಿಯಾಗಿ ಬೀಸಿ, ಕಲಸಿ, ಒಂದು ದಿನ ನೆನೆಯಲು ಬಿಟ್ಟು ಮೈಗೆ ಉಜ್ಜಿಕೊಳ್ಳಬೇಕು.

ಎರಡು ಎಂದರೆ ಎರಡು ಏನು? ಆ ಸಾಲುಗಳ ಕೊನೆಯ ಶಬ್ದಗಳ ಮೇಲೆಲ್ಲ ಭಜಿಯ ಎಣ್ಣೆ ಹರಡಿತ್ತು. ಅಲ್ಲಿ 'ಚಮಚ' ಎಂದಿತ್ತು. ಆದರೆ ರೋಣದ ಸೀಮೆಯ ಮನುಷ್ಯ ಬೇಳೆಯನ್ನು ಚಮಚದಲ್ಲಿ ಅಳೆಯುತ್ತಾರೆಂದು ಕನಸಿನಲ್ಲೂ ಎಣಿಸುವುದಿಲ್ಲ. ಪರಶಪ್ಪ ಸೇರು ಎಂದು ಓದಿಕೊಂಡ. ಮೈ ಏನು ಸಣ್ಣದೇ?

ಆಗಸ್ಟಿನಲ್ಲಿ ಕಿತ್ತಳೆ ಸಿಗಲಿಲ್ಲ. ಹಣ್ಣಿನ ರಸದ ಗಾಡಿಯವನ ಕಡೆಯಿಂದ ಮೋಸಂಬಿ ಸಿಪ್ಪೆ ತಂದು, ಡ್ರೈವರನ ಪಕ್ಕದ ಇಂಜಿನ್ ಬಾನೆಟ್ಟಿನ ಮೇಲೆ ಹರವಿದ. ಮೂರು ದಿನ ಅದು ನರಗುಂದ–ಗಜೇಂದ್ರಗಡ ಓಡಾಡುತ್ತ ಒಣಗಿತು. ಡ್ರೈವರ್ ಬಾಷಾ ಮೊದಲನೆಯ ದಿನ ಮೂಸಿ ಕಿಟಕಿ ತೆಗೆದ.

"ಕಾಕಾ, ಇದೇನು ಹಪ್ಪಳಾನ?" ಎಂದು ಎರಡನೆಯ ದಿನ ಕೇಳಿದ.

"ಔಷಧಿ."

"ಯಾರಿಗೆ?"

"ನೀ ಮುಂದ ನೋಡಿ ಹೊಡಿಯೋ."

ಅಕ್ರೋಟು ಎಂಬ ಪದಾರ್ಥವನ್ನು ಪರಶಪ್ಪ ನೋಡಿರಲಿಲ್ಲ. ಚಿಪ್ಪು ಚಿಪ್ಪೇ ಎಂದು ಶೇಂಗಾದ ಸಿಪ್ಪೆ ಹಾಕಿದ. ಶನಿವಾರ ಎಲ್ಲವನ್ನೂ ಚೀಲದಲ್ಲಿ ತುಂಬಿ ರೋಣದ ತನ್ನ ಓಣಿಯ ಮೋದಿನಸಾಬನ ಹಿಟ್ಟಿನ ಗಿರಣಿಗೆ ಹೋದ. ಪಂಚಮಿಗೆ ಇನ್ನು ಮೂರೇ ದಿನ. ಗಿರಣಿಯಲ್ಲಿ ಕಾಲಿಡಲು ಜಾಗವಿರಲಿಲ್ಲ.

ಮೋದಿನಸಾಬ ಮೂವತ್ತು ವರ್ಷದಿಂದ ಊರಿನ ಕಾಳು ಬೀಸಿದವನು. ಹಿಟ್ಟಿನ ವಾಸನೆ ಹಿಡಿದು ಯಾರ ಮನೆಯಲ್ಲಿ ಬಾಣಂತಿ ಇದ್ದಾಳೆ, ಯಾರ ಮನೆಗೆ ಬೀಗರು ಬರುತ್ತಾರೆ ಎಂದು ಹೇಳುತ್ತಿದ್ದ. ಅವನು ಚೀಲದಲ್ಲಿ ಕೈಯಾಡಿಸಿ, ಮೂಸಿ, ಹುಬ್ಬು ಗಂಟಿಕ್ಕಿದ.

"ಪರಶಪ್ಪಣ್ಣ, ಕಡ್ಲಿಬ್ಯಾಳಿ ತಿಳೀತು. ಹೆಸರು ತಿಳೀತು. ಇದರಾಗ ಶೇಂಗಾ ಸಿಪ್ಪಿ ಯಾಕೋ?"

ಹಿಂದೆ ಹನ್ನೊಂದು ಹೆಂಗಸರು ಸರದಿಯಲ್ಲಿದ್ದರು. ನಲವತ್ತೇಳು ವರ್ಷದ, ಮೀಸೆಯಿರುವ, ಬೆಳೆದ ಮಗಳಿರುವ ಮನುಷ್ಯ ಮೈಕಾಂತಿಗೆ ಎಂದು ಹೇಳಿದರೆ ಓಣಿಯಲ್ಲಿ ಯಾವ ಅಡ್ಡಹೆಸರು ಬೀಳುತ್ತದೆ, ಅದು ಎಷ್ಟು ತಲೆಮಾರು ಹೋಗುತ್ತದೆ ಎಂಬುದೆಲ್ಲ ಪರಶಪ್ಪನಿಗೆ ಒಂದೇ ಕ್ಷಣದಲ್ಲಿ ಹೊಳೆಯಿತು.

"ಎತ್ತಿನ ಔಷಧಿ," ಎಂದ.

"ನಿನಗೆಲ್ಲೈತಿ ಎತ್ತು?"

"ನನ್ನ ತಮ್ಮ ಮುತ್ತಣ್ಣಂದು. ಯಾವಗಲ್‌ನಾಗ. ಹೊಟ್ಟಿ ಉಬ್ಬೈತಿ."

"ಅಯ್ಯೋ ಪಾಪ! ಮೂಕ ಪ್ರಾಣಿ," ಎಂದು ಮೋದಿನಸಾಬ ಎಲ್ಲರಿಗಿಂತ ಮೊದಲು ಅವನ ಚೀಲ ಬೀಸಿಕೊಟ್ಟ. ಕೂಲಿಯನ್ನೂ ತೆಗೆದುಕೊಳ್ಳಲಿಲ್ಲ. ಸುಳ್ಳಿಗೆ ಇಷ್ಟು ಮರ್ಯಾದೆ ಸಿಗುತ್ತದೆಂದು ಪರಶಪ್ಪನಿಗೆ ಗೊತ್ತಿರಲಿಲ್ಲ.

ಸೋಮವಾರ ಬೆಳಿಗ್ಗೆ ಹೆಂಡತಿ ಮಾನವ್ವ, ಮಗಳು ರೂಪಾ ಇಬ್ಬರೂ ಹುತ್ತಕ್ಕೆ ಹಾಲೆರೆಯಲು ಹೋದಾಗ ಪರಶಪ್ಪ ಹಿಟ್ಟಿಗೆ ಬೆಲ್ಲ, ಕುಸುಬಿ ಎಣ್ಣೆ, ಏಲಕ್ಕಿ ಪುಡಿ ಹಾಕಿ ಕಲಸಿದ. ಏಳು ಸೇರು ಪದಾರ್ಥ. ಮೊಳಕೈತನಕ ಎಣ್ಣೆಯಾಯಿತು. ಬೋಗುಣಿಗೆ ತಾಟು ಮುಚ್ಚಿ ಅಡಿಗೆಮನೆಯ ಮೂಲೆಗೆ ಸರಿಸಿದ. ಅಲ್ಲಿ ಪಂಚಮಿಯ ಉಂಡಿಗೆಂದು ಮಾನವ್ವ ಸಿದ್ಧಮಾಡಿದ ಎಂಟು ಬೋಗುಣಿಗಳಿದ್ದವು. ಎಂಟಿದ್ದಲ್ಲಿ ಒಂಬತ್ತನೆಯದನ್ನು ಯಾರೂ ನೋಡುವುದಿಲ್ಲ ಎಂಬುದು ಅವನ ಲೆಕ್ಕ. ನೋಡದೆಯೇ ಉಂಡಿ ಕಟ್ಟುತ್ತಾರೆ ಎಂಬುದು ಲೆಕ್ಕದಲ್ಲಿರಲಿಲ್ಲ. ಅವನು ಡ್ಯೂಟಿಗೆ ಹೋದ. ಆ ರಾತ್ರಿಯ ವಸ್ತಿ ಗಜೇಂದ್ರಗಡದಲ್ಲಿ.

ಮುಂದೆ ನಡೆದದ್ದು ಅವನಿಗೆ ಆಮೇಲೆ ತಿಳಿಯಿತು. ಪಂಚಮಿ ಎಂದರೆ ನಮ್ಮ ಕಡೆ ಉಂಡಿಯ ಹಬ್ಬ. ಶೇಂಗಾ ಉಂಡಿ, ಎಳ್ಳುಂಡಿ, ಬೇಸನ್ ಉಂಡಿ, ತಂಬಿಟ್ಟು, ಅಳ್ಳಿಟ್ಟು. ಕಟ್ಟುವುದು ಒಬ್ಬರ ಕೈಯ ಕೆಲಸವಲ್ಲ. ಓಣಿಯ ಹೆಂಗಸರು ಸುತ್ತ ಕೂತು ಕಟ್ಟುತ್ತಾರೆ. ಮೋದಿನಸಾಬನ ಹೆಂಡತಿ ಜುಲೇಖಾ ಪ್ರತಿ ವರ್ಷ ಮಾನವ್ವನ ಮನೆಗೆ ಬಂದು ಕೂಡುತ್ತಿದ್ದಳು, ಬರುವಾಗ ತನ್ನ ಮನೆಯದೊಂದು ಹಿಟ್ಟನ್ನೂ ತರುತ್ತಿದ್ದಳು. ಈ ಸಲ ಗಿರಣಿಯ ಗದ್ದಲದಲ್ಲಿ ತರಲಾಗಿರಲಿಲ್ಲ. ಒಂಬತ್ತನೆಯ ಬೋಗುಣಿಯ ತಾಟು ತೆಗೆದಾಗ ಮಾನವ್ವ ಅದು ಜುಲೇಖಾಳದ್ದೆಂದು ತಿಳಿದಳು. ಜುಲೇಖಾ ಮಾನವ್ವನದೆಂದು ತಿಳಿದಳು. 'ಇದು ಏನು ಹಿಟ್ಟು' ಎಂದು ಕೇಳುವುದೆಂದರೆ, ನೋಡಿದರೆ ಗೊತ್ತಾಗುವ ಹಾಗೆ ನೀನು ಮಾಡಿಲ್ಲ ಎಂದಂತೆ. ಅಷ್ಟು ಮರ್ಯಾದೆಗೆಟ್ಟ ಮಾತನ್ನು ಆ ಓಣಿಯಲ್ಲಿ ಯಾರೂ ಆಡುವುದಿಲ್ಲ.

"ಹದ ಭಾಳ ಚಲೋ ಬಂದೈತಿ ನೋಡ್ವಾ," ಎಂದಳು ಮಾನವ್ವ.

"ಹೌದಕ್ಕಾ, ಎಷ್ಟ ಘಮ ಘಮ ಐತಿ," ಎಂದಳು ಜುಲೇಖಾ.

"ತರಿ ಸ್ವಲ್ಪ ದಪ್ಪ ಐತಿ. ಹಂಗ ಇರಬೇಕು."

"ಹಂಗ ಇದ್ರನ ಹಲ್ಲಿಗೆ ರುಚಿ ಅಕ್ಕಾ."

ಹೀಗೆ ಒಬ್ಬರನ್ನೊಬ್ಬರು ಹೊಗಳುತ್ತ, ಇಬ್ಬರೂ ಸೇರಿ ಎಪ್ಪತ್ತೆರಡು ಉಂಡಿ ಕಟ್ಟಿ, ಪ್ರತಿಯೊಂದರ ನೆತ್ತಿಗೂ ಒಂದೊಂದು ಲವಂಗ ಚುಚ್ಚಿದರು.

ಮಂಗಳವಾರ ಪಂಚಮಿ. ಬೆಳಿಗ್ಗೆ ಒಂಬತ್ತೂವರೆಗೆ ಬಸ್ಸು ರೋಣಕ್ಕೆ ಬಂದಾಗ ಮಾನವ್ವ ಡಬ್ಬಿ ಹಿಡಿದು ನಿಲ್ದಾಣದಲ್ಲಿ ನಿಂತಿದ್ದಳು.

"ಹನ್ನೆರಡು ಉಂಡಿ ಅದಾವ. ಸಾಹೇಬ್ರಿಗೆ ಕೊಡ್ರಿ. ಹಬ್ಬದಾಗ ಬ್ಯಾಡ ಅನ್ನಂಗಿಲ್ಲ ಅವರು. ಬಾಷಾ, ತಗೋಪಾ, ನಿಂದು ಬ್ಯಾರೆ ತಂದೀನಿ, ತಿನ್ನು."

ಬಾಷಾ ಗೇರು ಹಾಕುತ್ತ ತಿಂದ. ಸ್ವಲ್ಪ ದೂರ ಹೋದ ಮೇಲೆ, "ಕಾಕಾ, ಕರಕರ ಅಂತೈತಿ," ಎಂದ.

"ಹಬ್ಬದ ಉಂಡಿಯಾಗ ತಪ್ಪು ಹುಡಕಬಾರದು," ಎಂದ ಪರಶಪ್ಪ ಗಂಭೀರವಾಗಿ.

ಬಸ್ಸು ಡೀಸೆಲ್‌ಗೆ ಡಿಪೋಗೆ ಹೋದಾಗ ಅವನೇ ಸ್ವತಃ ಡಬ್ಬಿಯನ್ನು ಎರಡೂ ಕೈಯಿಂದ ಅರ್ಜುನಪ್ಪ ಸಾಹೇಬರ ಮುಂದಿಟ್ಟು ಕೈಮುಗಿದ. ಹಬ್ಬವಾದ್ದರಿಂದ ಸಾಹೇಬರೂ ಬೇಡವೆನ್ನಲಿಲ್ಲ. ಸಂದರ್ಶನಕ್ಕೆ ಇನ್ನು ಇಪ್ಪತ್ನಾಲ್ಕು ಗಂಟೆ. ಮನೆಗೆ ಹೋಗುವುದು, ಮೈ ಉಜ್ಜುವುದು, ಹೊಸ ಮನುಷ್ಯನಾಗುವುದು. ಪರಶಪ್ಪ ಮಧ್ಯಾಹ್ನ ಎರಡು ಗಂಟೆಗೆ ಡ್ಯೂಟಿ ಮುಗಿಸಿ, ಮನೆಗೆ ಬಂದು, ಟವೆಲು ಹೆಗಲಿಗೆ ಹಾಕಿಕೊಂಡು ಅಡಿಗೆಮನೆಗೆ ಹೋದ. ಮೂಲೆಯಲ್ಲಿ ಒಂಬತ್ತು ಬೋಗುಣಿಗಳನ್ನು ತೊಳೆದು ಬೋರಲು ಹಾಕಿದ್ದರು.

"ಇಲ್ಲೊಂದು ಬೋಗುಣಿಯಾಗ ಹಿಟ್ಟಿತ್ತಲ್ಲ?"

"ಯಾವುದು? ಜುಲೇಖಾಬಿ ತಂದಿದ್ಲಲ್ಲ, ಅದಾ?" ಎಂದಳು ಮಾನವ್ವ. "ಎಲ್ಲಾ ಕಟ್ಟಿ ಹಂಚಿ ಆತಲ್ಲ. ಸಾಹೇಬ್ರಿಗೂ ಅದನ ಕೊಟ್ಟೆ, ಹೊಸಾ ನಮೂನಿ ಅಂತ."

ಪರಶಪ್ಪ ಟವೆಲು ಹೆಗಲಮೇಲೆ ಇಟ್ಟುಕೊಂಡೇ ಗೋಡೆಗೆ ಒರಗಿದ. ಕೂತುಕೊಳ್ಳಬೇಕೆನಿಸಿತು. ಕೂತುಕೊಳ್ಳುವಷ್ಟರಲ್ಲಿ ಬಾಗಿಲಲ್ಲಿ ಮೋದಿನಸಾಬ ನಿಂತಿದ್ದ. ಕೈಯಲ್ಲಿ ಅರ್ಧ ಕಚ್ಚಿದ ಉಂಡಿ, ಮುಖದಲ್ಲಿ ರಕ್ತವಿಲ್ಲ.

"ಪರಶಪ್ಪಣ್ಣ! ನಾ ಬೀಸಿದ ಹಿಟ್ಟು ನನಗ ಗೊತ್ತಾಗೂದಿಲ್ಲೇನು? ಇದು ಎತ್ತಿನ ಔಷಧಿ!"

ಓಣಿಯಲ್ಲಿ ಮಾತು ಹರಡಲು ಎಷ್ಟು ಹೊತ್ತು ಬೇಕೆಂಬುದನ್ನು ಯಾರೂ ಅಳೆದಿಲ್ಲ. ಆ ದಿನ ಅಳೆದಿದ್ದರೆ ನಾಲ್ಕು ನಿಮಿಷವಾಗುತ್ತಿತ್ತು. ಹತ್ತೊಂಬತ್ತು ಮನೆಗಳ ಜನ ಪರಶಪ್ಪನ ಅಂಗಳದಲ್ಲಿ ಸೇರಿದರು. ಮುಂದೆ ನಿವೃತ್ತ ಹೆಡ್‌ಮಾಸ್ತರ್ ಶಿವನಪ್ಪನವರು, ಕೈಯಲ್ಲಿ ಪೆನ್ನು, ನೋಟ್‌ಬುಕ್ಕು.

"ಪರಶಪ್ಪ, ನಾ ಮೂರು ತಿಂದೀನಿ. ಮೂರನೇದು ಹನ್ನೆರಡೂ ಹತ್ತಕ್ಕ. ಬರಕೊಂಡೀನಿ. ಈಗ ಹೇಳು, ಇದು ಔಷಧಿ ಹೌದೋ ಅಲ್ಲೋ?"

ಪರಶಪ್ಪ ಎಲ್ಲರ ಮುಖ ನೋಡಿದ. ಅಲ್ಲ ಎಂದರೆ ಮುಂದಿನ ಪ್ರಶ್ನೆ 'ಮತ್ತೇನು?' ಎಂಬುದು. ಅವನ ಹೆಗಲ ಮೇಲೆ ಟವೆಲು ಇನ್ನೂ ಇತ್ತು.

"ಹೌದ್ರಿ ಮಾಸ್ತರ," ಎಂದ.

ಮಾನವ್ವ ಮುಂದೆ ಬಂದಳು. "ಯಾವ ಎತ್ತು? ಮುತ್ತಣ್ಣ ಹೋದ ವರ್ಷನ ಎತ್ತು ಮಾರಿ ಟ್ರ್ಯಾಕ್ಟರ್ ಬಾಡಗಿ ಹಿಡದಾನಲ್ಲ!"

"ಹೊಸಾದು ತಗೊಂಡಾನ."

"ಯಾರ ದುಡ್ಡಿನಾಗ?"

ಪರಶಪ್ಪ ಹೆಗಲ ಮೇಲಿನ ಟವೆಲಿನಿಂದ ಮುಖ ಒರೆಸಿಕೊಂಡ. ಮಾನವ್ವನಿಗೆ ಅದೇ ಉತ್ತರವಾಯಿತು.

"ಕೇಳ್ರೆವಾ! ನನಗ ಪಂಚಮಿಗೆ ಒಂದು ಸೀರಿ ಇಲ್ಲ, ತಮ್ಮಗ ಎತ್ತು ಕೊಡಿಸ್ಯಾನ!" ಎಂದು ಮಾನವ್ವ ಸೆರಗು ಕಣ್ಣಿಗೆ ಒತ್ತಿದಳು. ಔಷಧಿ ತಿಂದ ಹೆಂಗಸರೆಲ್ಲ ತಮ್ಮ ಹೊಟ್ಟೆಯ ಚಿಂತೆ ಬಿಟ್ಟು ಅವಳನ್ನು ಸುತ್ತುಗಟ್ಟಿದರು. ಜುಲೇಖಾ ಮಾತ್ರ ಗಂಡನ ಕಿವಿಯಲ್ಲಿ, "ಎತ್ತಿನ ಔಷಧಿ ಇದ್ರೂ ಮಾನವ್ವಕ್ಕ ಹದ ಚಲೋ ಮಾಡಿದ್ಲು," ಎಂದಳು.

ಶಿವನಪ್ಪನವರ ನಾಯಕತ್ವದಲ್ಲಿ ಮೆರವಣಿಗೆ ದವಾಖಾನೆಗೆ ಹೊರಟಿತು. ಪರಶಪ್ಪನನ್ನು ಮುಂದೆ ಬಿಟ್ಟುಕೊಂಡರು, ಅವನು ಮತ್ತೆ ನಿಂತೇ ಇದ್ದ. ಡಾಕ್ಟರು ಮೂವತ್ತೊಂದು ಜನರ ನಾಲಿಗೆ ನೋಡಿ, ನಾಡಿ ಹಿಡಿದು, ಸುಸ್ತಾಗಿ ಸ್ಟೆತೊಸ್ಕೋಪು ಕೆಳಗಿಟ್ಟರು.

"ಎಲ್ಲಾರೂ ಚಲೋ ಅದೀರಿ. ಆದ್ರ ಎತ್ತಿನ ಔಷಧಿ ಅಂದ್ರ ನಮ್ಮ ಪುಸ್ತಕದಾಗ ಇಲ್ಲ. ಅದರಾಗ ಏನೈತಿ ಅಂತ ದನದ ಡಾಕ್ಟರ ಕಡೆಯಿಂದ ಬರಿಸ್ಕೊಂಡು ಬರ್ರಿ."

ದನದ ಡಾಕ್ಟರು ಮನೆಯಲ್ಲಿ ಹಬ್ಬದ ಊಟ ಮಾಡುತ್ತಿದ್ದರು. ಬಾಗಿಲಲ್ಲಿ ಮೂವತ್ತೊಂದು ಜನರನ್ನು ನೋಡಿ ಮೊದಲು ಹಿಂದೆ ಯಾವ ಪ್ರಾಣಿ ಇದೆಯೆಂದು ಹುಡುಕಿದರು.

"ಪೇಷಂಟ್ ಎಲ್ಲೈತಿ?"

"ನಾವ ರೀ," ಎಂದರು ಶಿವನಪ್ಪನವರು.

ವಿಷಯ ತಿಳಿದ ಮೇಲೆ ಡಾಕ್ಟರು ಉಂಡಿಯನ್ನು ಒಡೆದು ಮೂಸಿದರು.

"ಎತ್ತಿಗೆ ಏನಾಗಿತ್ತು?"

"ಹೊಟ್ಟಿ ಉಬ್ಬಿತ್ರಿ," ಎಂದ ಪರಶಪ್ಪ.

"ಎಷ್ಟ ದಿನದಿಂದ?"

"ಶನಿವಾರದಿಂದ."

"ಶನಿವಾರದಿಂದ ಉಬ್ಬಿದ ಎತ್ತು ಇವತ್ತಿಗೂ ಜೀವಂತ ಐತೇನ್ರಿ?" ಡಾಕ್ಟರು ಆಶ್ಚರ್ಯದಿಂದ ಅವನನ್ನು ನೋಡಿದರು. "ಇರಲಿ. ಇದರಾಗ ಯಾಲಕ್ಕಿ ಯಾಕ ಹಾಕೀರಿ?"

ಪರಶಪ್ಪನಿಗೆ ಕಾಲು ನೋಯುತ್ತಿತ್ತು. "ಪ್ರೀತಿ ಎತ್ತು ಸಾಹೇಬ್ರ," ಎಂದ.

ಆ ಮಾತಿಗೆ ಡಾಕ್ಟರ ಹೆಂಡತಿಯ ಕಣ್ಣಲ್ಲಿ ನೀರು ಬಂತು. ಡಾಕ್ಟರು ಕೈತೊಳೆದು ತಮ್ಮ ಚೀಟಿಯಲ್ಲಿ ಬರೆದುಕೊಟ್ಟರು: 'ಪದಾರ್ಥ ಪರಿಶೀಲಿಸಿದೆ. ಬೇಳೆ, ಬೆಲ್ಲ, ಸಿಪ್ಪೆ, ಎಣ್ಣೆ. ತಿಂದವರಿಗೆ ಅಪಾಯವಿಲ್ಲ. ಎರಡು ದಿನ ಹಸಿ ಮೇವು ಬೇಡ. ನೀರು ಸಾಕಷ್ಟು ಕುಡಿಸಬೇಕು.' ಚೀಟಿಯ ಮೇಲೆ ಮೊದಲೇ ಅಚ್ಚಾಗಿದ್ದ ದನ, ಎಮ್ಮೆ, ಕುರಿ, ಇತರೆ ಎಂಬ ಕಾಲಂಗಳಲ್ಲಿ 'ಇತರೆ' ಎಂಬಲ್ಲಿ ಟಿಕ್ಕು ಹಾಕಿ, ಸಂಖ್ಯೆ ಮೂವತ್ತೊಂದು ಎಂದು ನಮೂದಿಸಿದರು. ಮನುಷ್ಯರ ಡಾಕ್ಟರು ಅದರ ಕೆಳಗೆ ಸಹಿ ಹಾಕಿದರು. ಜನ ಸಮಾಧಾನದಿಂದ ಮನೆಗೆ ಹೋಗಿ ಹಸಿ ಕೊತ್ತಂಬರಿಯನ್ನು ಕೂಡ ಎರಡು ದಿನ ಮುಟ್ಟಲಿಲ್ಲ.

ಪರಶಪ್ಪನಿಗೆ ಸಮಾಧಾನವಿರಲಿಲ್ಲ. ಹನ್ನೆರಡು ಉಂಡಿ ಅರ್ಜುನಪ್ಪ ಸಾಹೇಬರ ಮನೆಯಲ್ಲಿದ್ದವು. ಕುರ್ಚಿ ಅವರ ಪೆನ್ನಿನ ತುದಿಯಲ್ಲಿತ್ತು.

ಬುಧವಾರ ಬೆಳಿಗ್ಗೆ ಅವನು ಹೊಲಸು ಕುತ್ತಿಗೆಯ ಮೇಲೆ ಇಸ್ತ್ರಿಯ ಅಂಗಿ ಹಾಕಿಕೊಂಡು ಡಿಪೋಗೆ ಹೋದ. ಉಳಿದ ಮೂವರು ಅರ್ಜಿದಾರರು ಪೌಡರು ಹಚ್ಚಿಕೊಂಡು ಬೆಂಚಿನ ಮೇಲೆ ಕೂತಿದ್ದರು. ಬೆಂಚು ಮೂವರಿಗೇ ಸಾಕಾಗುವಂಥದ್ದು. ಪರಶಪ್ಪ ಒಂದು ಗಂಟೆ ಹತ್ತು ನಿಮಿಷ ನಿಂತ. ಕೊನೆಗೆ ಅವನನ್ನು ಕರೆದರು.

ಸಾಹೇಬರ ಮುಖದಲ್ಲಿ ಅವನು ಹಿಂದೆ ಕಾಣದಿದ್ದ ಒಂದು ಕಳೆ ಇತ್ತು. ಅದು ನಗೆ ಎಂದು ಗುರುತಿಸಲು ಅವನಿಗೆ ಸ್ವಲ್ಪ ಹೊತ್ತು ಬೇಕಾಯಿತು.

"ಪರಶಪ್ಪ, ನಮ್ಮ ಅವ್ವ ಸೂಡಿ ಊರಾಕಿ. ಎಂಬತ್ತೊಂದು ವರ್ಷ. ಆರು ತಿಂಗಳಿಂದ ಅಕೀಗೆ ಏನೂ ಸೇರ್ತಿದ್ದಿಲ್ಲ. ಗಂಜಿ ಕುಡೀತಿದ್ದಿಲ್ಲ. ನಿನ್ನೆ ನಿಮ್ಮ ಉಂಡಿ ಕುಟ್ಟಿ ಕೊಟ್ವಿ. ನಾಕು ತಿಂದ್ಲು! 'ಈಗಿನ ಹುಡಿಗ್ಯಾರು ಮೈದಾ ಹಂಗ ನುಣ್ಣಗ ಬೀಸ್ತಾರ, ಇದು ನಮ್ಮ ಕಾಲದ ಬೀಸಿಕಿ' ಅಂದ್ಲು. ಮುಂಜಾನೆ ಎದ್ದು ಮತ್ತ ಕೇಳ್ಯಾಳ."

ಪರಶಪ್ಪ ಮೇಜಿನ ಮೇಲಿದ್ದ ಆದೇಶದ ಹಾಳೆಯ ಕಡೆ ನೋಡಿದ.

"ಇದಕ್ಕೂ ಸಂದರ್ಶನಕ್ಕೂ ಸಂಬಂಧ ಇಲ್ಲ," ಎಂದರು ಸಾಹೇಬರು, ತಮ್ಮ ಸ್ವಭಾವಕ್ಕೆ ತಕ್ಕಂತೆ. "ನಾಲ್ಕು ಮಂದಿಯಾಗ ಸರ್ವಿಸ್ ನಿಂದ ಜಾಸ್ತಿ. ಆರ್ಡರ್ ಬರೀತೀನಿ. ಅದು ಬ್ಯಾರೆ. ಇದು ಬ್ಯಾರೆ. ಐತವಾರದೊಳಗ ಇಪ್ಪತ್ತೈದು ಉಂಡಿ ಮಾಡಿಸಿಕೊಡು. ರೊಕ್ಕ ಕೊಡ್ತೀನಿ. ಪುಗಸಟ್ಟೆ ಬ್ಯಾಡ."

'ಆಗಲಿ ಸಾಹೇಬ್ರ' ಎಂಬ ಎರಡು ಶಬ್ದ ಪರಶಪ್ಪನ ನಾಲಿಗೆಯ ತುದಿಗೆ ಬಂದಿದ್ದವು. ಅಷ್ಟು ಹೇಳಿದ್ದರೆ ಮುಗಿಯುತ್ತಿತ್ತು. ಆದರೆ ಆ ಎರಡು ಶಬ್ದದ ಹಿಂದೆ ಏನೇನಿದೆ ಎಂಬುದು ಅವನಿಗೆ ಕಾಣಿಸಿತು. ಮತ್ತೆ ಮೋಸಂಬಿ ಸಿಪ್ಪೆ ಬೇಡಬೇಕು. ಮತ್ತೆ ಬಾನೆಟ್ಟಿನ ಮೇಲೆ ಮೂರು ದಿನ. ಮತ್ತೆ ಮೋದಿನಸಾಬನ ಗಿರಣಿ, ಮತ್ತೆ ಎತ್ತು, ಆ ಎತ್ತಿಗೆ ಮತ್ತೊಂದು ಕಾಯಿಲೆ. ಇಷ್ಟು ಮಾಡಿ ಎಂಬತ್ತೊಂದು ವರ್ಷದ ಮುದುಕಿಗೆ ಶೇಂಗಾದ ಸಿಪ್ಪೆ ತಿನ್ನಿಸಬೇಕು. ಸತ್ಯ ಹೇಳುವವರೆಲ್ಲ ಧರ್ಮಾತ್ಮರೆಂದು ಜನ ತಿಳಿದಿದ್ದಾರೆ. ಹೆಚ್ಚಿನವರು ದಣಿದವರು.

"ಸಾಹೇಬ್ರ," ಎಂದ ಪರಶಪ್ಪ, "ಅವು ಉಂಡಿ ಅಲ್ರಿ. ಮೈಗೆ ತಿಕ್ಕೊಳ್ಳೋದು. ಸತ್ತ ಚರ್ಮ ತಗಿಯಾಕ. ಪೇಪರ್‌ನ್ಯಾಗ ಬಂದಿತ್ತು. ನನ್ನ ಸಲುವಾಗಿ ನಾನ ಕಲಸಿದ್ದೆ. ನೀವು ಮಾರಿ ಸ್ವಚ್ಛ ಇರಬೇಕು ಅಂದ್ರಲ್ಲ, ಅದಕ್ಕ. ನಮ್ಮ ಮನಿಯವರು ತಿಳೀದ ಕಟ್ಟಿಬಿಟ್ಟಾರ."

ಸಾಹೇಬರು ಪೆನ್ನು ಕೆಳಗಿಟ್ಟರು. ಹೊರಗೆ ಯಾರೋ ಬಸ್ಸಿಗೆ ನೀರು ಹೊಡೆಯುತ್ತಿದ್ದರು.

"ನಮ್ಮ ಅವ್ವಗ," ಎಂದರು ಸಾಹೇಬರು ನಿಧಾನವಾಗಿ, "ನೀ ಸಾಬಾಣ ತಿನಿಸಿದಿ."

"ಸಾಬಾಣ ಅಲ್ರಿ. ನೈಸರ್ಗಿಕ."

"ಮತ್ತ ಯಾರ್ಯಾರು ತಿಂದಾರ?"

"ನಮ್ಮ ಓಣಿಯವರು ಮೂವತ್ತೊಂದು ಮಂದಿ. ಡ್ರೈವರ್ ಬಾಷಾ ಒಬ್ಬ. ಎಲ್ಲಾರೂ ಎತ್ತಿನ ಔಷಧಿ ಅಂತ ತಿಳಕೊಂಡಾರ್ರಿ. ಎರಡು ಡಾಕ್ಟರ ಸಹಿ ಐತಿ." ಅವನು ಜೇಬಿನಿಂದ ಚೀಟಿ ತೆಗೆದು ಮೇಜಿನ ಮೇಲಿಟ್ಟ. ಶಿವನಪ್ಪನವರು ಕೈಯಿಂದ ಬರೆದುಕೊಟ್ಟ ನಕಲು ಪ್ರತಿ.

ಸಾಹೇಬರು 'ಹಸಿ ಮೇವು ಬೇಡ' ಎಂಬಲ್ಲಿಯವರೆಗೆ ಓದಿ, ಕನ್ನಡಕ ತೆಗೆದು, ಕಣ್ಣು ಒರೆಸಿಕೊಂಡರು. ಸಿಟ್ಟೋ ನಗುವೋ ಪರಶಪ್ಪನಿಗೆ ತಿಳಿಯಲಿಲ್ಲ.

"ಈಗ ಅವ್ವಗ ನಾ ಏನ ಹೇಳಲಿ?"

"ಎತ್ತಿನ ಔಷಧಿ ಅಂತ ಹೇಳ್ರಿ. ಅದನ್ನ ಎಲ್ಲಾರೂ ನಂಬ್ತಾರ."

ಸಾಹೇಬರು ಕನ್ನಡಕ ಹಾಕಿಕೊಂಡು ಆದೇಶದ ಹಾಳೆಯನ್ನು ಎಳೆದುಕೊಂಡರು. ಪರಶಪ್ಪ ಬಾಗಿಲ ಕಡೆ ತಿರುಗಿದ. ಇನ್ನು ಹನ್ನೊಂದು ವರ್ಷ ಸರ್ವಿಸ್ಸು. ಅಷ್ಟೂ ವರ್ಷ ನಿಲ್ಲುವುದು. ಲೆಕ್ಕ ಕಷ್ಟದ್ದಲ್ಲ.

"ಎಲ್ಲಿಗೆ ಹೊಂಟಿ? ತಗೊಂಡು ಹೋಗು."

ಆದೇಶದಲ್ಲಿ ಹೀಗಿತ್ತು: 'ಸದರಿ ನಿರ್ವಾಹಕರು ಒಂದು ಉದ್ದೇಶಕ್ಕೆ ತಯಾರಿಸಿದ ಪದಾರ್ಥವು ಬೇರೊಂದು ಉದ್ದೇಶದಿಂದ ಸಾರ್ವಜನಿಕರಿಗೂ ಮೇಲಧಿಕಾರಿಗಳ ಕುಟುಂಬಕ್ಕೂ ತಲುಪಿರುವುದು ಗಮನಕ್ಕೆ ಬಂದಿದೆ. ಇವರನ್ನು ಎರಡು ತಾಲೂಕುಗಳಲ್ಲಿ ಸಂಚರಿಸಲು ಬಿಡುವುದು ಸೂಕ್ತವಲ್ಲವೆಂದು ಕಂಡುಬಂದಿರುವುದರಿಂದ, ಎಲ್ಲರ ಕಣ್ಣಿಗೆ ಬೀಳುವಂತೆ ಒಂದೇ ಸ್ಥಳದಲ್ಲಿ ಕೂರಿಸತಕ್ಕದ್ದು.'

ಪರಶಪ್ಪ ಕೊನೆಯ ಶಬ್ದವನ್ನು ಮೂರು ಸಲ ಓದಿದ.

"ಇದು ಶಿಕ್ಷಾ, ತಿಳೀತಿಲ್ಲೋ?" ಎಂದರು ಸಾಹೇಬರು.

"ತಿಳೀತ್ರಿ," ಎಂದು ಪರಶಪ್ಪ ಅವರ ಕಾಲಿಗೆ ಬಿದ್ದ.

ಸೋಮವಾರ, ಆಗಸ್ಟ್ 19ರ ಬೆಳಿಗ್ಗೆ ಎಂಟಕ್ಕೆ ಅವನು ಕ್ರಾಸಿನ ಕೊಠಡಿಗೆ ಹೋಗಿ ಕುರ್ಚಿಯ ಮೇಲೆ ಕೂತ. ಮೊಣಕಾಲುಗಳಿಗೆ ಮಡಚಿಕೊಂಡಿರುವ ಅಭ್ಯಾಸ ತಪ್ಪಿತ್ತು. ಸ್ವಲ್ಪ ಹೊತ್ತು ಅವು ಬಿಗಿದುಕೊಂಡೇ ಇದ್ದವು, ಆಮೇಲೆ ಒಪ್ಪಿಕೊಂಡವು. ಕಿಟಕಿಯ ಹೊರಗೆ ಬಸ್ಸಿಗೆ ಕಾಯುವವರು ಮೂವತ್ತು ಮಂದಿ ಇದ್ದರು. ಅಲ್ಲಿ ನೆರಳಿತ್ತು, ಕಟ್ಟೆಯಿತ್ತು. ಆದರೂ ಬಸ್ಸು ತಪ್ಪೀತೆಂಬ ಭಯಕ್ಕೆ ಒಬ್ಬರೂ ಕೂತಿರಲಿಲ್ಲ. ತಲೆಯ ಮೇಲೆ ಗಂಟು, ಕಂಕುಳಲ್ಲಿ ಕೂಸು, ಎಲ್ಲರೂ ರಸ್ತೆ ನೋಡುತ್ತ ನಿಂತಿದ್ದರು.

ಎಂಟೂವರೆಗೆ ಫೋನು ಬಂತು. ಗಜೇಂದ್ರಗಡದ ಬಸ್ಸು ರೋಣ ಬಿಡುವ ಮೊದಲೇ ಪಂಚರಾಗಿತ್ತು. ಸ್ಟೆಪ್ನಿಯೂ ಪಂಚರಾಗಿತ್ತು. ಬೇರೆ ಗಾಲಿಗೆ ಬಾಷಾ ಹೋಗಿದ್ದ, ಇನ್ನೂ ಬಂದಿರಲಿಲ್ಲ.

ಪರಶಪ್ಪ ಫೋನು ಕೆಳಗಿಟ್ಟ. ಕಿಟಕಿಯಲ್ಲಿ ಒಬ್ಬ ಮುದುಕಿ ಮುಖ ತೂರಿಸಿದಳು.

"ಯಪ್ಪಾ, ಗಜೇಂದ್ರಗಡದ ಬಸ್ಸು ಎಲ್ಲೈತಿ?"

ಅವನು ಅವಳ ಕಾಲು ನೋಡಿದ. ಹಿಂದೆ ನಿಂತವರ ಕಾಲುಗಳನ್ನೂ ನೋಡಿದ. ಆ ವರ್ಷದ ಮಟ್ಟಿಗೆ ಹೇಳಬೇಕಾದ ಸತ್ಯವನ್ನೆಲ್ಲ ಅವನು ಬುಧವಾರವೇ ಹೇಳಿ ಮುಗಿಸಿದ್ದ. ಮೈಕಿನ ಗುಂಡಿ ಒತ್ತಿದ.

"ಬಸ್ಸು ಹೊಂಟೈತ್ರಿ. ದಾರ್ಯಾಗ ಐತಿ, ಹತ್ತು ನಿಮಿಷದಾಗ ಬರ್ತೈತಿ. ನಾ ಹೇಳ್ತೀನಿ, ತಪ್ಪಂಗಿಲ್ಲ. ಅಲ್ಲೀತನಾ ಎಲ್ಲಾರೂ ಕುಂದರ್ರಿ."

ಮೂವತ್ತು ಜನ ಒಬ್ಬೊಬ್ಬರಾಗಿ ಗಂಟು ಇಳಿಸಿ, ಕಟ್ಟೆಯ ಮೇಲೆ ಕೂತರು.